ಸಂಪಾದಕರ ಉತ್ತರ: ಒಲೆಗೆ ಬಿದ್ದ ಕಲ್ಲು

ಓದುಗರ ಪತ್ರ: “ಕಳೆದ ಸಂಚಿಕೆಯ ‘ನಿಮಗಿದು ಗೊತ್ತೇ’ ಚೌಕದಲ್ಲಿ ನ್ಯೂಟನ್, ಮೈಕೆಲ್ಯಾಂಜೆಲೊ, ಫ್ರಾಂಕ್ಲಿನ್, ನೆಪೋಲಿಯನ್ ಎಲ್ಲರಿಗೂ ಕಿಡ್ನಿಯಲ್ಲಿ ಕಲ್ಲಿತ್ತು ಎಂದು ಪಟ್ಟಿ ಕೊಟ್ಟು ‘ಮೇಧಾವಿಗಳ ಕಾಯಿಲೆ’ ಎಂದು ಶೀರ್ಷಿಕೆ ಹಾಕಿದ್ದೀರಿ. ಹೋದ ತಿಂಗಳು ನನಗೂ ಒಂದು ಕಲ್ಲು ಬಿತ್ತು. ಎರಡು ಹೆರಿಗೆ ಕಂಡವಳಿಗೂ ಅದು ಜೀವ ಬಾಯಿಗೆ ತಂದಿತು. ಹಿಡಿದು ತನ್ನಿ ಎಂದಿದ್ದರು ಡಾಕ್ಟರು. ನಾನು ನೀರು ಹೊಯ್ದುಬಿಟ್ಟೆ, ಬೈಸಿಕೊಂಡೆ. ನಿಮ್ಮ ಚೌಕ ಓದಿದ ಮೇಲೆ ಮನೆಯವರು ನನ್ನನ್ನು ‘ನ್ಯೂಟನ್ನಮ್ಮ’ ಎನ್ನುತ್ತಾರೆ. ಇವರಿಗೆಲ್ಲ ಕಲ್ಲಿದ್ದದ್ದು ನಿಜವಾಗಿ ಕಿಡ್ನಿಯಲ್ಲೇ? ಪಟ್ಟಿಯಲ್ಲಿ ಒಬ್ಬ ಹೆಂಗಸೂ ಯಾಕಿಲ್ಲ?” (ಹೆಸರು ಬೇಡ ಎಂದವರು, ದಾವಣಗೆರೆ)

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ. ಆ ಚೌಕವನ್ನು ಅಚ್ಚಿಗೆ ಬಿಟ್ಟವನು ನಾನೇ. ನ್ಯೂಟನ್ನನಿಗೂ ಫ್ರಾಂಕ್ಲಿನ್ನನಿಗೂ ಕಾಟ ಕೊಟ್ಟದ್ದು ಮೂತ್ರಕೋಶದ ಕಲ್ಲು, ಕಿಡ್ನಿಯದಲ್ಲ. ಇನ್ನು ಕಲ್ಲಿನ ಚಿಕಿತ್ಸೆಯಲ್ಲೇ ಪ್ರಾಣ ಬಿಟ್ಟ ನೆಪೋಲಿಯನ್ ವಾಟರ್ಲೂ ನೆಪೋಲಿಯನ್ ಅಲ್ಲ, ಅವನ ತಮ್ಮನ ಮಗ, ಮುಂದೆ ಫ್ರಾನ್ಸಿನ ಚಕ್ರವರ್ತಿಯಾದ ಮೂರನೆಯ ನೆಪೋಲಿಯನ್. 1870ರಲ್ಲಿ ಸೆಡಾನ್ ಯುದ್ಧದ ದಿನ ಅದೇ ನೋವಿಟ್ಟುಕೊಂಡು ಕುದುರೆ ಮೇಲೆ ಕೂತಿದ್ದ. ಸೋತು, ಇಂಗ್ಲೆಂಡ್ ಸೇರಿ, 1873ರ ಜನವರಿಯಲ್ಲಿ ಎರಡು ಸಲ ಕಲ್ಲು ಪುಡಿ ಮಾಡಿಸಿಕೊಂಡು ಮೂರನೆಯದಕ್ಕೆ ಮೊದಲೇ ತೀರಿಕೊಂಡ.

ಎಕ್ಸ್‌ರೇ ಬಂದದ್ದು 1895ರಲ್ಲಿ. ಅದಕ್ಕೆ ಮುಂಚೆ ಬದುಕಿದ್ದವರ ಕಿಡ್ನಿಯೊಳಗೆ ಇಣುಕುವ ದಾರಿ ಇರಲಿಲ್ಲ. ಹೊರಗೆ ಬಿದ್ದದ್ದು, ಕೊಯ್ದು ತೆಗೆದದ್ದು, ಸತ್ತ ಮೇಲೆ ಸಿಕ್ಕಿದ್ದು, ಇಷ್ಟೇ ಲೆಕ್ಕ. ಈ ಮೂರರಲ್ಲಿ ಎರಡು ಬಗೆಯ ಲೆಕ್ಕಕ್ಕೂ ಸಿಕ್ಕ ಒಬ್ಬನಿದ್ದಾನೆ. ನಮ್ಮ ಪಟ್ಟಿಯಲ್ಲಿ ಬಿಟ್ಟುಹೋದವನೂ ಅವನೇ: ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್.

ದರ್ಜಿಯ ಮಗ. ಮುಂದೆ ನೌಕಾಪಡೆಯ ದೊಡ್ಡ ಅಧಿಕಾರಿಯಾದ, ದಿನಚರಿ ಬರೆದು ಪ್ರಸಿದ್ಧನಾದ. ಅದಕ್ಕೆಲ್ಲ ಮೊದಲು, 1658ರ ಮಾರ್ಚ್ 26ರಂದು, 25ರ ಹರೆಯದಲ್ಲಿ, ಬಂಧುವೊಬ್ಬಳ ಮನೆಯಲ್ಲಿ ಮೇಜಿನ ಮೇಲೆ ಮಲಗಿದ. ನೋವು ತಿಳಿಯದಂತೆ ಮಾಡುವ ಈಥರ್ ಬರಲು ಇನ್ನೂ 188 ವರ್ಷ ಇತ್ತು. ಕಾಲು ಮಡಿಸಿ ಕಟ್ಟುವುದು, ಗಟ್ಟಿ ಆಳುಗಳು ಅದುಮಿ ಹಿಡಿಯುವುದು, ಮೂತ್ರನಾಳದಲ್ಲಿ ಲೋಹದ ಸಲಾಕೆ ತೂರಿಸಿ ಅದರ ಜಾಡಿನಲ್ಲೇ ತೊಡೆಸಂದಿಯ ನಡುವೆ ಕೊಯ್ದು ಇಕ್ಕಳದಿಂದ ಕಲ್ಲು ಕೀಳುವುದು, ಇದೇ ಅಂದಿನ ಪದ್ಧತಿ. ಕೈ ಚುರುಕಿದ್ದವನಿಗೆ ಕೆಲವೇ ನಿಮಿಷದ ಕೆಲಸ. ಹೊಲಿಗೆ ಇಲ್ಲ, ಗಾಯ ತಾನಾಗಿ ಕೂಡಬೇಕು, ಇಲ್ಲವೇ ಕೊಳೆತು ಮನುಷ್ಯ ಹೋಗಬೇಕು. (ಹೀಗೆ ಕೊಯ್ದು ತೆಗೆಯುವುದನ್ನು ನಮ್ಮ ಸುಶ್ರುತ ಸಂಹಿತೆ ‘ಅಶ್ಮರಿ’ಯ (ಮೂತ್ರದ ಕಲ್ಲಿನ) ಭಾಗದಲ್ಲಿ ಎಷ್ಟೋ ಮೊದಲೇ ಹೇಳಿದೆ, ಬೇರೆ ಉಪಾಯವಿಲ್ಲದಿದ್ದರೆ ಮಾತ್ರ ಕೈ ಹಾಕು ಎಂಬ ಎಚ್ಚರಿಕೆಯ ಜೊತೆಗೆ.) ಪೀಪ್ಸ್ ಬದುಕಿದ. ಹೊರಬಂದ ಕಲ್ಲು ಅಂದಿನ ಟೆನ್ನಿಸ್ ಚೆಂಡಿನಷ್ಟಿತ್ತು.

ಆಮೇಲೆ ಅವನು ಮಾಡಿದ್ದು ನನಗೆ ಬಹಳ ಇಷ್ಟ. ಬದುಕಿರುವ ತನಕ ಆ ದಿನವನ್ನು ಹಬ್ಬದಂತೆ ಆಚರಿಸುತ್ತೇನೆಂದು ಹರಕೆ ಹೊತ್ತ. ಮಾರ್ಚ್ 26 ಬಂದರೆ ನೆಂಟರನ್ನು ಕರೆದು ಊಟ ಹಾಕಿಸುತ್ತಿದ್ದ. ಕಲ್ಲಿಗೆಂದೇ 25 ಶಿಲಿಂಗ್ ಕೊಟ್ಟು ಪೆಟ್ಟಿಗೆ ಮಾಡಿಸಿದ. ಗೆಳೆಯ ಜಾನ್ ಈವ್ಲಿನ್ನನ ತಮ್ಮ ಕೊಯ್ಸಿಕೊಳ್ಳಲು ಹೆದರಿದಾಗ, ಧೈರ್ಯ ತುಂಬಲು ಆ ಪೆಟ್ಟಿಗೆಯನ್ನೇ ಹೊತ್ತು ಹೋಗಿ ತೋರಿಸಿದ. 1703ರಲ್ಲಿ ಸತ್ತಾಗ ದೇಹ ಕೊಯ್ದು ನೋಡಿದರೆ ಎಡ ಕಿಡ್ನಿಯಲ್ಲಿ ಇನ್ನೂ ಏಳು ಕಲ್ಲು! ಅಂತೂ ಕಿಡ್ನಿಯ ಲೆಕ್ಕಕ್ಕೆ ಖಚಿತವಾಗಿ ಒಬ್ಬ ಸಿಕ್ಕ.

ಕಲ್ಲಿದ್ದವರಿಗೆ ಗಾಡಿಯ ಕುಲುಕಾಟವೆಂದರೆ ನರಕ. 1785ರಲ್ಲಿ ಪ್ಯಾರಿಸ್ ಬಿಟ್ಟು ಹೊರಟ ಫ್ರಾಂಕ್ಲಿನ್ನನಿಗೆ ರಾಣಿ ಮೇರಿ ಆಂಟನೆಟ್ ಹೇಸರಗತ್ತೆಗಳು ಹೊರುವ ತನ್ನ ಪಲ್ಲಕ್ಕಿಯನ್ನೇ ಕೊಟ್ಟಳು. ಆದರೆ 1537ರ ಫೆಬ್ರವರಿಯಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರನಿಗೆ ದಿನಗಟ್ಟಲೆ ಮೂತ್ರ ಕಟ್ಟಿಹೋಗಿ, ಇನ್ನು ಉಳಿಯುವುದಿಲ್ಲ ಎಂದುಕೊಂಡು ಷ್ಮಾಲ್ಕಾಲ್ಡೆನ್ ಊರಿಂದ ಗಾಡಿಯಲ್ಲಿ ಹೊರಡಿಸಿದಾಗ, ಹಳ್ಳಕೊಳ್ಳದ ರಸ್ತೆಯ ಆ ಕುಲುಕಾಟವೇ ಕಟ್ಟು ಬಿಡಿಸಿತು ಎನ್ನುತ್ತಾರೆ. ನಮ್ಮ ಕೆಲವು ರಸ್ತೆಗಳಿಗೂ ಔಷಧಿಯ ಗುಣ ಇರಬಹುದು, ಪ್ರಯೋಗ ಮಾಡಬೇಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಗಂಡಸರ ಮೂತ್ರನಾಳ ಉದ್ದ, ಹೆಂಗಸರದು ಗಿಡ್ಡ. ಮೂತ್ರಕೋಶದ ಸಣ್ಣ ಕಲ್ಲುಗಳು ಹೆಂಗಸರಲ್ಲಿ ಬೆಳೆಯುವ ಮೊದಲೇ ಜಾರಿಹೋಗುತ್ತವೆ ಎಂಬುದು ದೇಹದ ಕಾರಣ. ಆದರೆ ಅದೊಂದೇ ಅಲ್ಲ. ಫ್ರಾನ್ಸಿನ ಪ್ರಬಂಧಕಾರ ಮೊಂಟೇನ್ 1580ರಲ್ಲಿ ಇಟಲಿ ಕಡೆಯ ಬಿಸಿನೀರಿನ ಬುಗ್ಗೆಗಳಿಗೆ ಹೊರಟಾಗ ಕುಡಿದ ನೀರು, ಬಿದ್ದ ಕಲ್ಲು ಎಲ್ಲವನ್ನೂ ಪ್ರವಾಸದ ದಿನಚರಿಯಲ್ಲಿ ಬರೆಸಿದ, ಬರೆದ. ಬುಗ್ಗೆಯ ನೀರು ಕುಡಿದು ಕಲ್ಲು ಕರಗಿದ ಸುದ್ದಿಯನ್ನು ಮೈಕೆಲ್ಯಾಂಜೆಲೊ 1549ರಲ್ಲಿ ಅಣ್ಣತಮ್ಮನ ಮಗನಿಗೆ ಕಾಗದ ಬರೆದು ತಿಳಿಸಿದ. ಬರೆದವರ ಕಲ್ಲು ಉಳಿಯಿತು. ಅದನ್ನೇ ನಾವು ಮೇಧಾವಿಗಳ ಕಾಯಿಲೆ ಅಂದುಬಿಟ್ಟೆವು.

ಪೀಪ್ಸನ ತಾಯಿಗೂ ಕಲ್ಲಿತ್ತು. ಅವಳು ಏನೂ ಬರೆಯಲಿಲ್ಲ. ಒಂದು ದಿನ ಮಗ ಹೆತ್ತವರ ಮನೆಗೆ ಹೋದಾಗ ಅವಳಿಗೆ ಆಗಷ್ಟೇ ಒಂದು ಬಿದ್ದಿತ್ತು. ಆದರೆ ಅದು ಒಲೆಯ ಬೂದಿಗೆ ಜಾರಿ, ಹುಡುಕಿದರೂ ಸಿಗದೆ, ಮಗನಿಗೆ ತೋರಿಸಲಾಗಲಿಲ್ಲ. ಇಷ್ಟು ನಮಗೆ ಗೊತ್ತಾಗಿದ್ದೂ ಮಗ ದಿನಚರಿಯಲ್ಲಿ ಎರಡು ಸಾಲು ಗೀಚಿದ್ದರಿಂದ. ನೀವು ನೀರು ಹೊಯ್ದದ್ದನ್ನು ಓದಿದಾಗ ನನಗೆ ಮೊದಲು ನೆನಪಾದವಳು ಅವಳೇ.

ಆದರೂ ಡಾಕ್ಟರು ಬೈದದ್ದು ಸರಿ. ಕಲ್ಲು ಕ್ಯಾಲ್ಸಿಯಂ ಆಕ್ಸಲೇಟಿನದೋ ಯೂರಿಕ್ ಆಮ್ಲದ್ದೋ ಎಂದು ತಿಳಿದರೆ ಪಥ್ಯ, ಔಷಧಿ ಬೇರೆ ಬೇರೆ. ಮತ್ತೆ ಬಂದರೆ (ಬಾರದಿರಲಿ) ಟೀ ಸೋಸುವ ಹಳೆಯ ಜಾಲರಿಯೊಂದನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ. ನೀರು ಚೆನ್ನಾಗಿ ಕುಡಿಯಿರಿ. ಬಾಳೆದಿಂಡಿನ ರಸವನ್ನು ಔಷಧಿಗೆ ಬದಲಾಗಿ ಕುಡಿಯಬೇಡಿ.

ತಿದ್ದುಪಡಿ ಮುಂದಿನ ಸಂಚಿಕೆಯ ಅದೇ ಚೌಕದಲ್ಲಿ, ಅದೇ ಅಳತೆಯಲ್ಲಿ ಬರುತ್ತದೆ. ‘ನ್ಯೂಟನ್ನಮ್ಮ’ನ ವಿಷಯ ಮಾತ್ರ ನೀವು ಮನೆಯವರ ಹತ್ತಿರವೇ ಬಗೆಹರಿಸಿಕೊಳ್ಳಬೇಕು.

— ಸಂಪಾದಕ