ಓದುಗರ ಪ್ರಶ್ನೆ: ಮಷೀನಿನಲ್ಲಿ ನೀರು ನಿಂತರೆ ಮೊದಲು ಎಲ್ಲಿ ನೋಡಬೇಕು?

ಪ್ರಶ್ನೆ: ನಮ್ಮದು ಫ್ರಂಟ್ ಲೋಡ್ ವಾಷಿಂಗ್ ಮಷೀನ್. ಒಗೆದ ನೀರು ಡ್ರಮ್ಮಿನಲ್ಲೇ ನಿಲ್ಲುತ್ತದೆ, ಸ್ಪಿನ್ ಕೂಡ ಆಗುತ್ತಿಲ್ಲ. ಪಂಪ್ ಬದಲಿಸಬೇಕೇ?

ಉತ್ತರ: ಪಂಪಿಗೆ ದುಡ್ಡು ಹಾಕುವ ಮೊದಲು ಫಿಲ್ಟರ್ ಬಿಚ್ಚಿ ನೋಡಿ. ನೀರು ಖಾಲಿಯಾಗದೆ ಮಷೀನ್ ಸ್ಪಿನ್ ಶುರು ಮಾಡುವುದಿಲ್ಲ. ಹಾಗಾಗಿ ನಿಮ್ಮ ಎರಡೂ ತೊಂದರೆಗೆ ಮೂಲ ಒಂದೇ ಇರಬೇಕು.

ಪ್ಲಗ್ ತೆಗೆಯಿರಿ, ನಲ್ಲಿ ಮುಚ್ಚಿ. ಬಿಸಿನೀರಿನಲ್ಲಿ ಒಗೆಯುತ್ತಿದ್ದರೆ ಆರುವವರೆಗೆ ಕಾಯಿರಿ. ಮಷೀನಿನ ಮುಂದುಗಡೆ, ಕೆಳಮೂಲೆಯಲ್ಲಿ ಸಣ್ಣ ಮುಚ್ಚಳವಿರುತ್ತದೆ. ಅದರ ಹಿಂದೆ ತಿರುಪಿನ ಫಿಲ್ಟರ್, ಹಲವು ಮಾಡೆಲ್‌ಗಳಲ್ಲಿ ಪಕ್ಕಕ್ಕೊಂದು ಸಣ್ಣ ಪೈಪ್. ಪೈಪಿದ್ದರೆ ಅದರ ಬಿರಡೆ ತೆಗೆದು, ಅಗಲವಾದ ತಟ್ಟೆಗೆ ನೀರು ಬಿಡಿ. ಹತ್ತು ಲೀಟರಿಗೂ ಹೆಚ್ಚು ಬರಬಹುದು, ತಟ್ಟೆಯನ್ನು ಹಲವು ಸಲ ಚೆಲ್ಲಬೇಕಾದೀತು. ಆಮೇಲೆ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎಳೆಯಿರಿ. ಹೇರ್‌ಪಿನ್, ನಾಣ್ಯ, ಅಂಗಿ ಗುಂಡಿ, ಸೋಪು ಮೆತ್ತಿ ಬತ್ತಿಯಂತೆ ಹೊಸೆದುಕೊಂಡ ಕೂದಲು: ಸಾಮಾನ್ಯವಾಗಿ ಸಿಗುವುದು ಇವೇ.

ಇಷ್ಟಕ್ಕೇ ಮುಚ್ಚಿಬಿಡಬೇಡಿ. ಆ ತೂತಿನೊಳಗೆ ಟಾರ್ಚ್ ಬಿಟ್ಟರೆ ಪಂಪಿನ ಪುಟ್ಟ ರೆಕ್ಕೆಗಳ ಚಕ್ರ ಕಾಣುತ್ತದೆ. ಒಂದು ಕಡ್ಡಿಯಿಂದ ತಿರುಗಿಸಿ ನೋಡಿ. ತಡೆತಡೆದು ತಿರುಗಿದರೆ ಗಾಬರಿ ಬೇಡ, ಮೋಟಾರಿನ ಆಯಸ್ಕಾಂತ ಅದನ್ನು ಹಾಗೆ ಹಿಡಿಯುತ್ತದೆ. ಅಲುಗಾಡದಿದ್ದರೆ ಬುಡದಲ್ಲಿ ದಾರವೋ ಪಿನ್ನೋ ಸಿಕ್ಕಿಕೊಂಡಿರಬಹುದು. ರೆಕ್ಕೆ ಮುರಿದಿದ್ದರೆ ಪಂಪ್ ಬದಲಿಸಲೇಬೇಕು. ಫಿಲ್ಟರ್ ಮತ್ತೆ ಹಾಕುವಾಗ ಅದರ ರಬ್ಬರ್ ಉಂಗುರ, ತಿರುಪಿನ ಸುರುಳಿ ಗೆರೆ ಎರಡನ್ನೂ ಒರೆಸಿ. ಒಂದು ಕೂದಲೆಳೆ ಉಳಿದರೂ ನೀರು ಜಿನುಗುತ್ತದೆ.

ಫಿಲ್ಟರ್ ಚೊಕ್ಕವಾಗಿದ್ದೂ ನೀರು ಹೋಗದಿದ್ದರೆ ಹಿಂದಿನ ಡ್ರೈನ್ ಪೈಪ್ ಗೋಡೆಗೆ ಒತ್ತಿ ಮಡಚಿದೆಯೇ ನೋಡಿ. ಡ್ರೈನ್ ಹೊತ್ತಿನಲ್ಲಿ ಪಂಪ್ ಗುಂಯ್ ಎನ್ನುತ್ತಿದ್ದರೆ ಕಸ ಅಡ್ಡ ಬಂದಿರುವ ಸಾಧ್ಯತೆಯೇ ಹೆಚ್ಚು. ಸದ್ದೇ ಇಲ್ಲದಿದ್ದರೆ ಕರೆಂಟಿನ ಕಡೆಯ ದೋಷವಿರಬಹುದು, ಅದನ್ನು ಮೆಕ್ಯಾನಿಕ್‌ಗೇ ಬಿಡಿ.

ಪ್ರಶ್ನೆ: ಒಗೆದ ಬಟ್ಟೆಯೂ ಮುಗ್ಗಲು ವಾಸನೆ ಬರುತ್ತದೆ. ಸೋಪು ಜಾಸ್ತಿ ಹಾಕಿದರೂ ಹೋಗುತ್ತಿಲ್ಲ.

ಉತ್ತರ: ಜಾಸ್ತಿ ಹಾಕುವುದೇ ತೊಂದರೆ. ತಣ್ಣೀರಿನಲ್ಲಿ ಕರಗದೆ ಉಳಿದ ಸೋಪು ಡ್ರಮ್ಮಿನ ಹೊರಮೈಗೆ ಲೋಳೆಯಾಗಿ ಅಂಟುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದು ಅಲ್ಲೇ. ಬಾಗಿಲಿನ ರಬ್ಬರಿನ ಕೆಳಮಡಿಕೆಯನ್ನು ಬೆರಳಿಂದ ಬಿಡಿಸಿ ಒರೆಸಿ. ಅಲ್ಲಿ ನೀರಿಳಿಯುವ ಸಣ್ಣ ತೂತುಗಳಿದ್ದರೆ ಕೂದಲು ತೆಗೆಯಿರಿ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ 60 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಬಿಸಿಯಲ್ಲಿ ಓಡಿಸಿ. ಬ್ಲೀಚ್ ಜೊತೆ ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಒಗೆದಾದ ಮೇಲೆ ಬಾಗಿಲು ಓರೆಯಾಗಿರಲಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರು ಒಳಗೆ ಹೋಗದಂತೆ ಗಮನವಿಡಿ.

ಪ್ರಶ್ನೆ: ಹೊಸ ಮಷೀನ್ ಸ್ಪಿನ್ ಆಗುವಾಗ ಕುಣಿದು ಜಾಗ ಬಿಡುತ್ತದೆ.

ಉತ್ತರ: ಸಾಗಿಸುವಾಗ ಡ್ರಮ್ ಅಲುಗದಂತೆ ಹಿಂಬದಿಗೆ ಹಾಕಿರುವ ಸಾಗಣೆ ಬೋಲ್ಟ್‌ಗಳನ್ನು ತೆಗೆದಿದ್ದಾರೆಯೇ ನೋಡಿ, ತೆಗೆಯದೆ ಓಡಿಸಲೇಬಾರದು. ತೆಗೆದಿದ್ದರೆ, ಮೇಲಿನ ಮೂಲೆಗಳನ್ನು ಒತ್ತಿ ಯಾವ ಕಾಲು ಅಲ್ಲಾಡುತ್ತದೆಂದು ಪತ್ತೆಮಾಡಿ, ಅದನ್ನು ತಿರುಗಿಸಿ ನೆಲಕ್ಕೆ ಕೂರಿಸಿ, ಆ ಕಾಲಿನ ನಟ್ ಬಿಗಿ ಮಾಡಿ.