ಎಕ್ಸಿಟ್ ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಬೈಗುಳದ ವಿಷಯ ಹೇಳಬೇಕಾ?

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಕೆಲಸ ಬಿಡುವಾಗ ಎಚ್‌ಆರ್ ನಡೆಸುವ ಎಕ್ಸಿಟ್ ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಬೈಗುಳದ ವಿಷಯ ಹೇಳೋಕೆ ಭಯ, ಹೇಳಲೋ ಬೇಡವೋ ಅಂತ ಕೇಳಿದ್ದೀರಿ. ಆ ಭಯಕ್ಕೆ ಕಾರಣ ಬಹುಶಃ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆಯಾದ ಪತ್ರ) ಇನ್ನೂ ಕಂಪನಿಯ ಕೈಯಲ್ಲಿರೋದು. ಮೊದಲು ಅದನ್ನೂ ಬಾಕಿ ಲೆಕ್ಕವನ್ನೂ ಇಮೇಲ್‌ನಲ್ಲೇ ಕೇಳಿ. 5 ವರ್ಷ ತುಂಬಿದ್ದರೆ ಗ್ರಾಚ್ಯುಟಿಯೂ (ಸೇವೆಯ ವರ್ಷಗಳಿಗೆ ಕಂಪನಿ ಕೊಡುವ ಹಣ) 30 ದಿನದೊಳಗೆ ಬರಬೇಕು.

ಆಮೇಲೆ ಇಂಟರ್‌ವ್ಯೂ. ಮ್ಯಾನೇಜರ್ ಎಂಥವರು ಅನ್ನೋದು ಬೇಡ, ನಡೆದದ್ದನ್ನು ಹೇಳಿ. ನಾನು ಮೈಸೂರಲ್ಲೇ ಕೆಲಸ ಬಿಟ್ಟಾಗ, "ವಾರಕ್ಕೆ ಮೂರು ಸಲ ರಾತ್ರಿ 10ಕ್ಕೆ ಫೋನ್ ಮಾಡಿ ಬೆಳಗಿನ ಶಿಫ್ಟ್ ಬದಲಾಯಿಸುತ್ತಿದ್ದರು" ಅಂತಷ್ಟೇ ಅಂದೆ. ಸುಮ್ನೆ ಟಿಕ್ ಹಾಕುತ್ತಿದ್ದ ಎಚ್‌ಆರ್ ಪೆನ್ನು ನಿಲ್ಲಿಸಿ, ಯಾವ ತಿಂಗಳು ಅಂತ ಕೇಳಿದರು. ಗುಟ್ಟಾಗಿಡ್ತೀವಿ ಅಂದರೂ ಮಾತು ಮ್ಯಾನೇಜರ್‌ಗೆ ತಲುಪಬಹುದು. ಅದಕ್ಕೇ ಅವರೆದುರೂ ಹೇಳಬಲ್ಲಷ್ಟನ್ನೇ ಹೇಳಿ. ಹೊಸ ಕಂಪನಿ, ಹೊಸ ಸಂಬಳ ಕೇಳಿದರೆ, "ಈಗ ಹೇಳಲ್ಲ" ಅಂದರೆ ಸಾಕು.