'ಸಾವಿನ ಜೀನ್' ಲೇಖನದ ಕುರಿತು

ಆತ್ಮೀಯರೇ,

ರೋಗನಿರೋಧಕ ಕೋಶಗಳ ಪೂರ್ವನಿಯೋಜಿತ ಸಾವಿನಲ್ಲಿ, ಅಂದರೆ ಅವು ತಮ್ಮನ್ನು ತಾವೇ ಕೊಂದುಕೊಳ್ಳುವುದರಲ್ಲಿ, ಜೀನ್‌ಗಳ ಪಾತ್ರವೇನು ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಈ ವಿಷಯ ನಮ್ಮ ಓದುಗರಿಗೆ ಮುಟ್ಟಲೇಬೇಕೆಂಬ ಆಸೆ ನನಗಿದೆ. ಅದಕ್ಕೇ ಇಷ್ಟುದ್ದದ ಉತ್ತರ.

'ಸಾವಿನ ಜೀನ್ ಆಜ್ಞಾಪಿಸುತ್ತದೆ, ಕೋಶ ಸಾಯುತ್ತದೆ' ಎಂದು ಮೊದಲ ಪುಟದಲ್ಲೇ ಬರೆದಿದ್ದೀರಿ. ಮುಂದಿನದೆಲ್ಲ ಈ ವಾಕ್ಯವನ್ನೇ ನೆಚ್ಚಿಕೊಂಡಿದೆ, ವಾಕ್ಯವೇ ತಪ್ಪು. ಕೊಲ್ಲಬಲ್ಲ ಪ್ರೊಟೀನ್‌ಗಳು ಟಿ ಕೋಶವೆಂಬ ರೋಗನಿರೋಧಕ ಕೋಶದೊಳಗೆ ಮೊದಲಿನಿಂದಲೂ ಇರುತ್ತವೆ. ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಎರಡು ಪ್ರೊಟೀನ್‌ಗಳು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಹೊರಪೊರೆಯನ್ನು ತೂತು ಮಾಡಬಲ್ಲವು; ಬಿಸಿಎಲ್-2 ಮತ್ತು ಅದರ ಹತ್ತಿರದ ಪ್ರೊಟೀನ್‌ಗಳು ಅವನ್ನು ತಡೆದಿಟ್ಟಿರುತ್ತವೆ. ಬದುಕಲು ಬೇಕಾದ ಸಂಕೇತ ನಿಂತಾಗ ಬಿಮ್ ಎಂಬ ಪ್ರೊಟೀನ್ ಹೆಚ್ಚಿ ಆ ರಕ್ಷಕರಿಗೆ ಅಂಟಿಕೊಳ್ಳುತ್ತದೆ. ತಡೆ ಸಡಿಲವಾಗಿ, ಪೊರೆ ತೂತಾಗಿ, ಕ್ಯಾಸ್ಪೇಸ್ ಕಿಣ್ವಗಳು ಎಚ್ಚೆತ್ತು ಕೋಶವನ್ನು ಒಳಗಿನಿಂದ ಕತ್ತರಿಸುತ್ತವೆ. ಯಾವ ಒಂದು ಜೀನ್ ಕೂಡ ಇಲ್ಲಿ ಯಜಮಾನನಲ್ಲ. ಹಲವು ಜೀನ್‌ಗಳ ಉತ್ಪನ್ನಗಳ ನಡುವಿನ ಪ್ರಮಾಣ ಬದಲಾಯಿತು, ಅಷ್ಟೆ.

ಸಿ. ಎಲಿಗನ್ಸ್ ಹುಳುವಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ. 1,090 ದೇಹಕೋಶಗಳಲ್ಲಿ 131 ಸಾಯುತ್ತವೆ ಎಂಬುದು ಸರಿ, ಈ ಹುಳುವಿನ ಸಂಶೋಧನೆಗೆ ಸಂದ 2002ರ ನೊಬೆಲ್ ಬಹುಮಾನದ ಪ್ರಸ್ತಾಪವೂ ಸರಿ. ಆದರೆ ಹುಳುವಿನಲ್ಲಿ ಯಾವ ಕೋಶ ಸಾಯಬೇಕೆಂಬುದು ಬಹುಮಟ್ಟಿಗೆ ಮೊದಲೇ ಗೊತ್ತಾಗಿರುತ್ತದೆ. ಲಿಂಫೋಸೈಟ್‌ಗೆ, ಅಂದರೆ ಟಿ ಕೋಶದಂಥ ಬಿಳಿ ರಕ್ತಕೋಶಕ್ಕೆ, ಅಂಥ ವಿಧಿ ಬರೆದಿಲ್ಲ. ಎದೆಯ ಥೈಮಸ್ ಗ್ರಂಥಿಯಲ್ಲಿ ಟಿ ಕೋಶ ಬಲಿಯುವಾಗ ಅದರ ಮೇಲ್ಮೈಯ ಗ್ರಾಹಕ ಪ್ರೊಟೀನ್ ಏನನ್ನು ಗುರುತಿಸಿತು ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಏನನ್ನೂ ಗುರುತಿಸದ ಕೋಶ ಬದುಕುವ ಸಂಕೇತ ಸಿಗದೆ ಸಾಯುತ್ತದೆ. ಸ್ವಂತ ದೇಹದ ಅಂಶಕ್ಕೇ ಬಿಗಿಯಾಗಿ ಅಂಟಿದ ಕೋಶವನ್ನು ಕೊಲ್ಲಲಾಗುತ್ತದೆ. ಬಿಮ್ ಇಲ್ಲದ ಇಲಿಗಳಲ್ಲಿ ಈ ಎರಡನೆಯ ಸಾವು ಎಡವುತ್ತದೆ. ಈ ವ್ಯತ್ಯಾಸಕ್ಕಾಗಿ ಮಾತ್ರ ಹುಳುವನ್ನು ಉಳಿಸಿಕೊಳ್ಳಿ.

ಬಿಸಿಎಲ್-2 ಅನ್ನು 'ಕ್ಯಾನ್ಸರ್ ಜೀನ್' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಲಿಂಫೋಸೈಟ್‌ಗಳ ಕ್ಯಾನ್ಸರಾದ ಲಿಂಫೋಮಾದ ಒಂದು ಬಗೆಯಲ್ಲಿ 14 ಮತ್ತು 18ನೇ ವರ್ಣತಂತುಗಳ ತುಣುಕುಗಳು ಅದಲುಬದಲಾಗಿ ಈ ಜೀನ್ ವಿಪರೀತ ಚುರುಕಾಗುತ್ತದೆ. ಕೋಶಗಳನ್ನು ವೇಗವಾಗಿ ಬೆಳೆಸುವುದೇ ಕ್ಯಾನ್ಸರ್ ಜೀನ್‌ನ ಕೆಲಸ ಎಂದು ಭಾವಿಸಿದ್ದ ಕಾಲ ಅದು. 1988ರಲ್ಲಿ ಮೆಲ್ಬರ್ನ್‌ನ ಸಂಶೋಧಕರಾದ ಡೇವಿಡ್ ವಾಕ್ಸ್, ಸುಝೇನ್ ಕೋರಿ ಮತ್ತು ಜೆರ್ರಿ ಆಡಮ್ಸ್ ಬೇರೆಯೇ ಸಂಗತಿಯನ್ನು ತೋರಿಸಿದರು. ಬೆಳವಣಿಗೆಗೆ ಬೇಕಾದ ಸೈಟೊಕೈನ್ ಎಂಬ ಸಂಕೇತ ಪ್ರೊಟೀನನ್ನು ತೆಗೆದುಬಿಟ್ಟರೂ ಬಿಸಿಎಲ್-2 ಹೆಚ್ಚಿದ್ದ ಕೋಶಗಳು ಸಾಯಲಿಲ್ಲ. ವಿಭಜನೆಯಾಗಲೂ ಇಲ್ಲ, ಸುಮ್ಮನೆ ಬದುಕಿದ್ದವು. ಸಾಯದಿರುವುದೂ ಕ್ಯಾನ್ಸರಿಗೆ ದಾರಿ ಎಂಬ ಅರಿವು ಎಷ್ಟು ದೊಡ್ಡದು! ಬಿಸಿಎಲ್-2ನ್ನು ತಡೆಯುವ ವೆನೆಟೊಕ್ಲಾಕ್ಸ್ 2016ರಲ್ಲಿ ಅಮೆರಿಕದಲ್ಲಿ ರಕ್ತಕ್ಯಾನ್ಸರಿನ ಔಷಧಿಯಾಗಿ ಒಪ್ಪಿಗೆ ಪಡೆದದ್ದು ಇದೇ ಎಳೆಯ ಮುಂದುವರಿಕೆ. ಇದಕ್ಕೆ ಒಂದು ಪೂರ್ತಿ ಪುಟ ಕೊಡಿ.

ಕೋಶಕ್ಕೆ ಸಾಯುವ ಸಂಕೇತ ಮುಟ್ಟಿಸುವ ಫಾಸ್ ಪ್ರೊಟೀನಿನ ಜೀನ್ ಹಾಳಾಗಿರುವ ಮಕ್ಕಳ ವಿಷಯವನ್ನು ಕೊನೆಗೆ ತಳ್ಳಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಸಾಯಬೇಕಾದ ಲಿಂಫೋಸೈಟ್‌ಗಳು ಉಳಿದು ದುಗ್ಧಗ್ರಂಥಿಗಳೂ ಗುಲ್ಮವೂ ಊದಿಕೊಳ್ಳುತ್ತವೆ, ಪ್ರತಿಕಾಯಗಳು ಸ್ವಂತ ರಕ್ತಕೋಶಗಳ ಮೇಲೇ ಎರಗುತ್ತವೆ. ತಂದೆ ತಾಯಿಯಿಂದ ಬಂದ ಈ ಜೀನ್‌ನ ಎರಡು ಪ್ರತಿಗಳಲ್ಲಿ ಒಂದೇ ಕೆಟ್ಟಿದ್ದರೂ ಕಾಯಿಲೆ ಬರುವುದೇಕೆ ಎಂದು ಓದುಗ ಖಂಡಿತ ಕೇಳುತ್ತಾನೆ. ಫಾಸ್ ಪ್ರೊಟೀನ್‌ಗಳು ಮೂರು ಮೂರು ಸೇರಿ ಕೆಲಸ ಮಾಡುವುದರಿಂದ ಕೆಟ್ಟದ್ದೊಂದು ಸರಿಯಾದವನ್ನೂ ಕೆಡಿಸಬಲ್ಲದು ಎಂದು ವಿವರಿಸಿ.

ಇಪ್ಪತ್ತು ಜೀನ್‌ಗಳ ಪಟ್ಟಿಯನ್ನು ತೆಗೆದುಹಾಕಿ. ಎಲ್ಲ ಕಾಯಿಲೆಗೂ ಪರಿಹಾರ ಹತ್ತಿರದಲ್ಲಿದೆ ಎಂಬ ಕೊನೆಯ ಪ್ಯಾರಾ ಕೂಡ ಬೇಡ, ಕಾಯಿಲೆಯವರು ಅದನ್ನು ನಂಬಿ ಓದುತ್ತಾರೆ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ಸಂಪಾದಕ